ಬೊಜ್ಜು, ಕರುಳಿನ ಬ್ಯಾಕ್ಟೀರಿಯ ಮತ್ತು ಫ್ಯಾಟಿ ಲಿವರ್

ಯಕೃತ್ತಿನ ಜೀವಕೋಶಗಳಲ್ಲಿ ಶೇ 5ಕ್ಕಿಂತ ಹೆಚ್ಚಿನವು ಕೊಬ್ಬಿನ ಹನಿಗಳಿಂದ ತುಂಬಿಕೊಂಡಿದ್ದರೆ ಆ ಸ್ಥಿತಿಗೆ ಫ್ಯಾಟಿ ಲಿವರ್ ಎಂದು ಹೆಸರು. ಮದ್ಯಪಾನದಿಂದ ಬರುವ ಫ್ಯಾಟಿ ಲಿವರ್ ವೈದ್ಯರಿಗೆ ಬಹುಕಾಲದಿಂದ ಗೊತ್ತಿರುವುದೇ. ಮದ್ಯದ ಸಂಬಂಧವಿಲ್ಲದೆ ಬೊಜ್ಜು, ಎರಡನೇ ಬಗೆಯ ಸಕ್ಕರೆ ಕಾಯಿಲೆ ಮತ್ತು ರಕ್ತದ ಕೊಬ್ಬಿನ ಏರುಪೇರುಗಳ ಜೊತೆ ಬರುವ ಇನ್ನೊಂದು ಬಗೆ ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಜನರಿಗೆ ಇರುವ ಯಕೃತ್ತಿನ ಕಾಯಿಲೆಯಾಗಿದೆ. ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಗಳು ಈ ಕಾಯಿಲೆ ಹುಟ್ಟುವುದರಲ್ಲೂ ಬೆಳೆಯುವುದರಲ್ಲೂ ಪಾಲುಗೊಳ್ಳುತ್ತವೆ ಎಂಬುದಕ್ಕೆ ಕಳೆದ ಎರಡು ದಶಕಗಳಲ್ಲಿ ಸಾಕಷ್ಟು ಪುರಾವೆ ಕೂಡಿಬಂದಿದೆ. ಆ ಪುರಾವೆಯಲ್ಲಿ ಗಟ್ಟಿಯಾದದ್ದು ಯಾವುದು, ಇನ್ನೂ ಹಸಿಯಾಗಿರುವುದು ಯಾವುದು ಎಂದು ಬೇರ್ಪಡಿಸಿ ನೋಡುವುದು ಈ ಲೇಖನದ ಕೆಲಸ.

ಅಮೆರಿಕದ ಮೇಯೋ ಕ್ಲಿನಿಕ್‌ನ ರೋಗಶಾಸ್ತ್ರಜ್ಞ ಯುರ್ಗೆನ್ ಲುಡ್ವಿಗ್ ಮತ್ತು ಸಂಗಡಿಗರು 1980ರಲ್ಲಿ 20 ರೋಗಿಗಳ ವಿವರ ಪ್ರಕಟಿಸಿದರು. ಅವರ ಯಕೃತ್ತಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕುಡುಕರ ಯಕೃತ್ತಿನಂತೆಯೇ ಕಾಣುತ್ತಿತ್ತು. ಆದರೆ ಅವರು ಕುಡಿಯುವವರಲ್ಲ, ಹೆಚ್ಚಿನವರು ಬೊಜ್ಜಿನವರು. ಕಾಯಿಲೆಗೆ ‘ಮದ್ಯಪಾನದ್ದಲ್ಲದ’ ಎಂಬ ಸ್ವಂತ ಹೆಸರು ಸಿಕ್ಕಿದ್ದು ಅಲ್ಲಿಂದ. 2023ರಲ್ಲಿ ಹಲವು ದೇಶಗಳ ಯಕೃತ್ ತಜ್ಞರ ಸಂಘಗಳು ಸೇರಿ ಆ ಹೆಸರನ್ನು ಬದಲಿಸಿ, ಚಯಾಪಚಯದ ಏರುಪೇರಿನಿಂದಾದ ಕಾಯಿಲೆ ಎಂದು ಕರೆಯಲು ತೀರ್ಮಾನಿಸಿದವು. ವೈದ್ಯರ ಚೀಟಿಗಳಲ್ಲಿ ಹಳೆಯ ಎನ್‌ಎಎಫ್‌ಎಲ್‌ಡಿ, ಹೊಸ ಎಂಎಎಸ್‌ಎಲ್‌ಡಿ ಎರಡೂ ಈಗ ಕಾಣಸಿಗುತ್ತವೆ. ಸೂಚಿಸುವುದು ಬಹುಮಟ್ಟಿಗೆ ಒಂದೇ ಕಾಯಿಲೆಯನ್ನು.

ಕಾಯಿಲೆ ಹಂತಹಂತವಾಗಿ ಸಾಗುತ್ತದೆ. ಮೊದಲು ಬರಿಯ ಕೊಬ್ಬು. ಕೆಲವರಲ್ಲಿ ಅದರ ಮೇಲೆ ಉರಿಯೂತ. ಉರಿಯೂತ ವರ್ಷಗಟ್ಟಲೆ ಮುಂದುವರಿದರೆ ಗಾಯದ ಕಲೆಯಂತೆ ನಾರುಗಟ್ಟುವ ಫೈಬ್ರೋಸಿಸ್, ಕೊನೆಗೆ ಯಕೃತ್ತು ಗಂಟುಗಂಟಾಗಿ ಗಟ್ಟಿಯಾಗುವ ಸಿರೋಸಿಸ್, ಕೆಲವೊಮ್ಮೆ ಕ್ಯಾನ್ಸರ್. ಎಲ್ಲರೂ ಈ ದಾರಿಯ ಕೊನೆಯವರೆಗೆ ಹೋಗುವುದಿಲ್ಲ. ಬಹುಪಾಲು ಜನ ಮೊದಲ ಹಂತದಲ್ಲೇ ಉಳಿಯುತ್ತಾರೆ, ಮತ್ತು ಫ್ಯಾಟಿ ಲಿವರ್ ಇರುವವರ ಸಾವಿಗೆ ಅತಿ ಸಾಮಾನ್ಯ ಕಾರಣ ಯಕೃತ್ತಲ್ಲ, ಹೃದಯದ ಕಾಯಿಲೆ. ಒಂದೇ ತೂಕ, ಒಂದೇ ಊಟದ ಇಬ್ಬರಲ್ಲಿ ಒಬ್ಬರ ಯಕೃತ್ತು ಹಾಳಾಗಿ ಇನ್ನೊಬ್ಬರದು ಉಳಿಯುವುದೇಕೆ? ವಂಶವಾಹಿಗಳು ಇದರ ಒಂದು ಭಾಗವನ್ನು ವಿವರಿಸುತ್ತವೆ. 2008ರಲ್ಲಿ ಡಲ್ಲಾಸ್‌ನಲ್ಲಿ ಪತ್ತೆಯಾದ ಪಿಎನ್‌ಪಿಎಲ್‌ಎ3 ಎಂಬ ವಂಶವಾಹಿಯ ಒಂದು ರೂಪ ಅವುಗಳಲ್ಲಿ ಮುಖ್ಯವಾದದ್ದು. ಉಳಿದ ಉತ್ತರ ಹುಡುಕುತ್ತಾ ಹೋದವರು ಕರುಳಿಗೆ ಬಂದು ಮುಟ್ಟಿದರು.

ಭಾರತದಲ್ಲಿ ಕಾಯಿಲೆಯ ಹರಹು

ದೆಹಲಿಯ ಏಮ್ಸ್ ವೈದ್ಯರು ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಭಾರತದ ವಯಸ್ಕರಲ್ಲಿ ಶೇ 38ಕ್ಕೂ ಹೆಚ್ಚು ಮಂದಿಗೆ ಫ್ಯಾಟಿ ಲಿವರ್ ಇದೆ. ಹೈದರಾಬಾದಿನ ಐಟಿ ಉದ್ಯೋಗಿಗಳಲ್ಲಿ 345 ಮಂದಿಯನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 84ರಷ್ಟು ಜನರ ಯಕೃತ್ತಿನಲ್ಲಿ ಕೊಬ್ಬು ಹೆಚ್ಚಿತ್ತು. ಕುಳಿತೇ ದುಡಿಯುವ, ರಾತ್ರಿ ಪಾಳಿಯ, ಹೊತ್ತುಗೊತ್ತಿಲ್ಲದೆ ಉಣ್ಣುವ ಇದೇ ಬದುಕು ಬೆಂಗಳೂರಿನಲ್ಲೂ ಇದೆ ಎಂದು ಬಿಡಿಸಿ ಹೇಳಬೇಕಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಗಂಡಸರಲ್ಲೂ ಹೆಂಗಸರಲ್ಲೂ ಸುಮಾರು ಶೇ 30ರಷ್ಟು ಮಂದಿ ಹೆಚ್ಚು ತೂಕದವರು ಅಥವಾ ಬೊಜ್ಜಿನವರು. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಫ್ಯಾಟಿ ಲಿವರನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು.

ಬೊಜ್ಜು ಎಂದರೆ ಕಣ್ಣಿಗೆ ಕಾಣುವ ಸ್ಥೂಲಕಾಯ ಮಾತ್ರ ಎಂದುಕೊಳ್ಳಬಾರದು. ದಕ್ಷಿಣ ಏಷ್ಯಾದವರಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯೊಳಗೆ, ಕರುಳಿನ ಸುತ್ತ ಕೊಬ್ಬು ಶೇಖರವಾಗುತ್ತದೆ. ಆದ್ದರಿಂದ ನಮ್ಮಲ್ಲಿ ದೇಹತೂಕ ಸೂಚ್ಯಂಕ, ಅಂದರೆ ಬಿಎಂಐ, 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಪಶ್ಚಿಮದ ದೇಶಗಳಲ್ಲಿ ಈ ಗಡಿಗಳು 25 ಮತ್ತು 30. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಫ್ಯಾಟಿ ಲಿವರ್ ಇದ್ದವರ ಪೈಕಿ ಮುಕ್ಕಾಲು ಪಾಲಿನವರ ಬಿಎಂಐ 25ಕ್ಕಿಂತ ಕೆಳಗಿತ್ತು.

ಕರುಳಿನಿಂದ ಯಕೃತ್ತಿಗೆ

ಯಕೃತ್ತಿಗೆ ಹರಿದು ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಹೃದಯದಿಂದ ನೇರವಾಗಿ ಬರುವುದಲ್ಲ, ಕರುಳನ್ನು ಸುತ್ತಿಕೊಂಡು ಪೋರ್ಟಲ್ ಸಿರೆಯ ಮೂಲಕ ಬರುವುದು. ಉಂಡದ್ದರ ಸಾರದಲ್ಲಿ ಬಹುಪಾಲು ಮೊದಲು ಸೇರುವುದು ಇಲ್ಲಿಗೆ. ಅದರ ಜೊತೆಗೇ ಕರುಳಿನ ಬ್ಯಾಕ್ಟೀರಿಯಗಳು ತಯಾರಿಸಿದ ರಾಸಾಯನಿಕಗಳೂ, ಸತ್ತ ಬ್ಯಾಕ್ಟೀರಿಯಗಳ ಚೂರುಗಳೂ ಬರುತ್ತವೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಮಾಡಿದ ಅಂದಾಜಿನ ಪ್ರಕಾರ ಒಬ್ಬ ವಯಸ್ಕನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳಿವೆ. ಅವುಗಳ ಒಟ್ಟು ತೂಕ ಸುಮಾರು 200 ಗ್ರಾಂ. ಬಹುತೇಕ ಎಲ್ಲವೂ ದೊಡ್ಡ ಕರುಳಿನಲ್ಲಿರುತ್ತವೆ. ಅವುಗಳಿಗೂ ರಕ್ತಕ್ಕೂ ನಡುವೆ ಇರುವುದು ಲೋಳೆಯ ಪದರ, ಅದರ ಕೆಳಗೆ ಒಂದೇ ಒಂದು ಸಾಲು ಜೀವಕೋಶಗಳು, ಅವುಗಳ ಹಿಂದೆ ರಕ್ತನಾಳದ ಗೋಡೆ. ಇಷ್ಟನ್ನೂ ದಾಟಿ ಬಂದದ್ದನ್ನು ಹಿಡಿದು ನುಂಗಲು ಯಕೃತ್ತಿನಲ್ಲಿ ಕುಪ್ಫರ್ ಕೋಶಗಳೆಂಬ ಕಾವಲು ಜೀವಕೋಶಗಳಿವೆ.

ಈ ನಂಟು ಮನುಷ್ಯರಲ್ಲಿ ಕಣ್ಣಿಗೆ ಹೊಡೆದಂತೆ ಕಂಡದ್ದು ವಂಶವಾಹಿ ಓದುವ ಯಂತ್ರಗಳು ಬರುವುದಕ್ಕಿಂತ ಬಹಳ ಮೊದಲು, ಒಂದು ಶಸ್ತ್ರಚಿಕಿತ್ಸೆಯ ದುರಂತದಲ್ಲಿ. 1960 ಮತ್ತು 70ರ ದಶಕಗಳಲ್ಲಿ ಅಮೆರಿಕದಲ್ಲಿ ಅತಿ ಬೊಜ್ಜಿನವರಿಗೆ ಸಣ್ಣ ಕರುಳಿನ ಬಹುಭಾಗವನ್ನು ಆಹಾರದ ಹಾದಿಯಿಂದ ತಪ್ಪಿಸಿ, ಮೊದಲ ಕೆಲವು ಇಂಚುಗಳನ್ನು ಕೊನೆಯ ಕೆಲವು ಇಂಚುಗಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ತೂಕ ಇಳಿಯುತ್ತಿತ್ತು, ನಿಜ. ಆದರೆ ಕೆಲವರ ಯಕೃತ್ತು ಕೊಬ್ಬಿನಿಂದ ತುಂಬಿ, ಉರಿಯೂತ ಎದ್ದು, ಕೆಲವರು ಸತ್ತೇ ಹೋದರು. ತೂಕ ಇಳಿದರೂ ಯಕೃತ್ತು ಕೆಟ್ಟದ್ದೇಕೆಂಬುದು ಒಗಟಾಗಿತ್ತು. ಆಹಾರ ಹರಿಯದೆ ಬಿದ್ದಿದ್ದ ಉದ್ದನೆಯ ಕರುಳಿನ ಸುರುಳಿಯಲ್ಲಿ ಬ್ಯಾಕ್ಟೀರಿಯಗಳು ಮಿತಿಮೀರಿ ಬೆಳೆಯುತ್ತಿದ್ದವು. 1982ರಲ್ಲಿ ಡ್ರೆನಿಕ್ ಮತ್ತು ಸಂಗಡಿಗರು ಇಂಥ ರೋಗಿಗಳಿಗೆ ಮೆಟ್ರೊನಿಡಜೋಲ್ ಕೊಟ್ಟು ನೋಡಿದರು. ಇದು ಭೇದಿಗೆ ನಮ್ಮ ಊರೂರಿನ ವೈದ್ಯರೂ ಬರೆದುಕೊಡುವ ಆ್ಯಂಟಿಬಯಾಟಿಕ್ ಮಾತ್ರೆ. ಯಕೃತ್ತಿನಲ್ಲಿ ಕೊಬ್ಬು ಸೇರುವುದು ನಿಂತಿತು, ಆಗಲೇ ಸೇರಿದ್ದವರಲ್ಲಿ ಇಳಿಯಿತು. ಆ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಕೈಬಿಟ್ಟರು. ಅದು ಕಲಿಸಿದ ಪಾಠವನ್ನು ಮಾತ್ರ ವೈದ್ಯಲೋಕ ಮತ್ತೆ ಕೈಗೆತ್ತಿಕೊಳ್ಳಲು ಇಪ್ಪತ್ತು ವರ್ಷ ಹಿಡಿಯಿತು.

ಇಲಿಗಳು ಹೇಳಿದ್ದು

ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಗಾರ್ಡನ್ ಅವರ ತಂಡ ಒಂದೂ ಸೂಕ್ಷ್ಮಜೀವಿ ಇಲ್ಲದಂತೆ ಬೆಳೆಸಿದ ಇಲಿಗಳ ಮೇಲೆ ಪ್ರಯೋಗ ನಡೆಸಿತು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಇಂಥ ಇಲಿಗಳಿಗೆ ಸಾಮಾನ್ಯ ಇಲಿಗಳ ಕರುಳಿನ ಬ್ಯಾಕ್ಟೀರಿಯ ಕೊಟ್ಟಾಗ, ಅವು ತಿನ್ನುವುದು ಕಡಿಮೆಯಾದರೂ 14 ದಿನಗಳಲ್ಲಿ ಮೈಕೊಬ್ಬು ಸುಮಾರು ಶೇ 60ರಷ್ಟು ಏರಿತು. 2013ರಲ್ಲಿ ಇದೇ ತಂಡ ಒಬ್ಬರು ಬೊಜ್ಜಿನವರಾಗಿ ಇನ್ನೊಬ್ಬರು ತೆಳ್ಳಗಿದ್ದ ಅವಳಿಗಳ ಮಲವನ್ನು ಇಲಿಗಳಿಗೆ ಕೊಟ್ಟಿತು. ಬೊಜ್ಜಿನವರ ಬ್ಯಾಕ್ಟೀರಿಯ ಪಡೆದ ಇಲಿಗಳಲ್ಲಿ ಕೊಬ್ಬು ಹೆಚ್ಚಾಯಿತು. ಅದೇ ವರ್ಷ ಫ್ರಾನ್ಸಿನ ವಿಜ್ಞಾನಿಗಳು ಇದನ್ನು ಯಕೃತ್ತಿಗೆ ತಂದು ಜೋಡಿಸಿದರು. ಒಂದೇ ಕೊಬ್ಬಿನ ಆಹಾರ ತಿಂದರೂ ಒಂದು ಇಲಿಗೆ ಸಕ್ಕರೆ ಏರಿತ್ತು, ಇನ್ನೊಂದಕ್ಕೆ ಏರಿರಲಿಲ್ಲ. ಇವೆರಡರ ಬ್ಯಾಕ್ಟೀರಿಯಗಳನ್ನು ಬೇರೆ ಬೇರೆ ಇಲಿಗಳಿಗೆ ಕೊಟ್ಟಾಗ, ಸಕ್ಕರೆ ಏರಿದ್ದ ಇಲಿಯ ಬ್ಯಾಕ್ಟೀರಿಯ ಪಡೆದವುಗಳಿಗೇ ಫ್ಯಾಟಿ ಲಿವರ್ ಬಂತು.

ಇಲಿಗಳಲ್ಲಿ ಕಂಡದ್ದು ಇಷ್ಟು ಸ್ಪಷ್ಟ. ಆದರೆ ಪ್ರಯೋಗಾಲಯದ ಇಲಿಗಳೆಲ್ಲ ಹೆಚ್ಚುಕಡಿಮೆ ಒಂದೇ ವಂಶದವು, ಒಂದೇ ತಟ್ಟೆಯಲ್ಲಿ ಉಣ್ಣುವಂಥವು. ಮನುಷ್ಯರ ವಿಷಯದಲ್ಲಿ ಅಷ್ಟು ಸುಲಭವಾಗಿ ತೀರ್ಪು ಕೊಡಲು ಬರುವುದಿಲ್ಲ.

ಹಾನಿಯಾಗುವ ಬಗೆಗಳು

ಮೊದಲನೆಯದು ಸೋರಿಕೆ. ಕೆಲವು ಬ್ಯಾಕ್ಟೀರಿಯಗಳ ಹೊರಕವಚದಲ್ಲಿ ಲಿಪೊಪಾಲಿಸ್ಯಾಕರೈಡ್ ಎಂಬ ವಸ್ತುವಿದೆ. ಬೆಲ್ಜಿಯಂನ ಪ್ಯಾಟ್ರಿಸ್ ಕಾನಿ ಮತ್ತು ಫ್ರಾನ್ಸಿನ ರೆಮಿ ಬ್ಯುರ್ಸೆಲಾಂ ಅವರ ತಂಡ 2007ರಲ್ಲಿ ತೋರಿಸಿದಂತೆ, ನಾಲ್ಕು ವಾರ ಕೊಬ್ಬಿನ ಆಹಾರ ತಿಂದ ಇಲಿಗಳ ರಕ್ತದಲ್ಲಿ ಇದರ ಪ್ರಮಾಣ ಎರಡು ಮೂರು ಪಟ್ಟು ಏರಿತು. ಈ ವಸ್ತುವನ್ನಷ್ಟೇ ಸಣ್ಣ ಪ್ರಮಾಣದಲ್ಲಿ ನಿರಂತರವಾಗಿ ಮೈಗೆ ಸೇರಿಸಿದಾಗ, ಸಾಮಾನ್ಯ ಆಹಾರದಲ್ಲಿದ್ದ ಇಲಿಗಳಿಗೂ ತೂಕ ಏರಿ ಯಕೃತ್ತಿಗೆ ಕೊಬ್ಬು ಬಂತು. ಕುಪ್ಫರ್ ಕೋಶಗಳ ಮೇಲಿರುವ ಟಿಎಲ್‌ಆರ್4 ಎಂಬ ಗ್ರಾಹಕ ಈ ವಸ್ತುವನ್ನು ಗುರುತಿಸಿ ಉರಿಯೂತಕ್ಕೆ ಚಾಲನೆ ಕೊಡುತ್ತದೆ. ಆ ಗ್ರಾಹಕದ ಪಾತ್ರವನ್ನು ಕಂಡುಹಿಡಿದ ಬ್ರೂಸ್ ಬ್ಯೂಟ್ಲರ್ 2011ರ ನೊಬೆಲ್ ಪ್ರಶಸ್ತಿ ಹಂಚಿಕೊಂಡವರಲ್ಲಿ ಒಬ್ಬರು. ಮನುಷ್ಯರಲ್ಲೂ, ರೋಮ್‌ನಲ್ಲಿ 35 ರೋಗಿಗಳ ಮೇಲೆ ನಡೆದ 2009ರ ಅಧ್ಯಯನ ಫ್ಯಾಟಿ ಲಿವರ್ ಇರುವವರ ಕರುಳಿನ ಗೋಡೆ ಹೆಚ್ಚು ಸಡಿಲವಾಗಿರುವುದನ್ನು ಕಂಡಿತು.

ಎರಡನೆಯದು ಮದ್ಯ. ಬಾಟಲಿಯಿಂದ ಬರುವುದಲ್ಲ, ಕರುಳಿನಲ್ಲೇ ತಯಾರಾಗುವುದು. ಈ ಲೇಖನದಲ್ಲಿ ಓದುಗರು ನೆನಪಿಟ್ಟುಕೊಳ್ಳಬೇಕಾದ ಭಾಗ ಒಂದಿದ್ದರೆ ಇದೇ. ಕರುಳಿನ ಕೆಲವು ಬ್ಯಾಕ್ಟೀರಿಯಗಳು ಪಿಷ್ಟ, ಸಕ್ಕರೆಗಳನ್ನು ಹುಳಿಯಿಸಿ ಎಥನಾಲ್ ತಯಾರಿಸುತ್ತವೆ. ಅದು ಪೋರ್ಟಲ್ ಸಿರೆಯಲ್ಲಿ ನೇರ ಯಕೃತ್ತಿಗೆ ಹೋಗಿ ಅಲ್ಲೇ ಕರಗಿಹೋಗುವುದರಿಂದ, ತೋಳಿನಿಂದ ತೆಗೆದ ರಕ್ತದಲ್ಲಿ ಅದರ ಸುಳಿವು ಹೆಚ್ಚೇನೂ ಸಿಗುವುದಿಲ್ಲ. ಆಮ್‌ಸ್ಟರ್‌ಡ್ಯಾಮಿನ ವೈದ್ಯರು ಬೊಜ್ಜಿನ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಪೋರ್ಟಲ್ ಸಿರೆಯಿಂದಲೇ ರಕ್ತ ತೆಗೆದು ಅಳೆದರು. 2022ರಲ್ಲಿ ಪ್ರಕಟವಾದ ಅವರ ವರದಿಯಂತೆ, ಯಕೃತ್ತಿನಲ್ಲಿ ಕೊಬ್ಬಿಲ್ಲದವರಲ್ಲಿ ಎಥನಾಲ್ ಲೀಟರಿಗೆ ಸುಮಾರು 2 ಮಿಲಿಮೋಲ್, ಬರಿಯ ಕೊಬ್ಬಿದ್ದವರಲ್ಲಿ 8, ಉರಿಯೂತವೂ ಇದ್ದವರಲ್ಲಿ 21. ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಯಕೃತ್ತು ಮದ್ಯವನ್ನು ಕರಗಿಸದಂತೆ ತಡೆಯುವ ಔಷಧ ಕೊಟ್ಟು ಊಟ ಮಾಡಿಸಿದಾಗ, ಫ್ಯಾಟಿ ಲಿವರ್ ಇದ್ದವರ ರಕ್ತದಲ್ಲಿ ಎಥನಾಲ್ ಸುಮಾರು 15 ಪಟ್ಟು ಏರಿತು. ಆ್ಯಂಟಿಬಯಾಟಿಕ್ ಕೊಟ್ಟ ಮೇಲೆ ಆ ಏರಿಕೆ ಇಲ್ಲವಾಯಿತು. ಎಥನಾಲ್ ಎಲ್ಲಿಂದ ಬಂತೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಡ.

ಇದಕ್ಕೂ ಮೊದಲು, 2019ರಲ್ಲಿ, ಬೀಜಿಂಗಿನ ತಂಡವೊಂದು ಕುಡಿಯದೆಯೇ ಅಮಲೇರುತ್ತಿದ್ದ ಒಬ್ಬ ರೋಗಿಯ ಕರುಳಿನಲ್ಲಿ ಹೇರಳವಾಗಿ ಮದ್ಯ ತಯಾರಿಸುವ ಕ್ಲೆಬ್ಸಿಯೆಲ್ಲ ನ್ಯುಮೋನಿಯೆ ತಳಿಯನ್ನು ಪತ್ತೆಹಚ್ಚಿತ್ತು. ಆತನಿಗೆ ತೀವ್ರ ಫ್ಯಾಟಿ ಲಿವರ್ ಇತ್ತು. ಆ ತಂಡ ಪರೀಕ್ಷಿಸಿದ ಇತರ ಫ್ಯಾಟಿ ಲಿವರ್ ರೋಗಿಗಳಲ್ಲಿ ಶೇ 60ರಷ್ಟು ಜನರಲ್ಲಿ ಇಂಥ ತಳಿಗಳು ಸಿಕ್ಕವು. ಆಮ್‌ಸ್ಟರ್‌ಡ್ಯಾಮಿನಲ್ಲಿ ಬೆರಳು ತೋರಿದ್ದು ಬೇರೊಂದು ಕಡೆಗೆ, ಲ್ಯಾಕ್ಟೊಬ್ಯಾಸಿಲೇಸಿ ಕುಟುಂಬದತ್ತ. ಮೊಸರು ಕಟ್ಟುವ ಬ್ಯಾಕ್ಟೀರಿಯಗಳೂ ಈ ದೊಡ್ಡ ಕುಟುಂಬಕ್ಕೆ ಸೇರಿದವೇ. ಅದರಿಂದ ಮೊಸರಿಗೆ ಹೆದರಬೇಕಿಲ್ಲ. ಒಂದೇ ಕುಟುಂಬದ ಬೇರೆ ಬೇರೆ ಜಾತಿಗಳ ಗುಣ ಬೇರೆ ಬೇರೆ. ಮದ್ಯ ಮುಟ್ಟದ ಗೃಹಿಣಿಗೆ ಸಿರೋಸಿಸ್ ಎಂದಾಗ ನಂಟರು ಗುಟ್ಟಾಗಿ ಅನುಮಾನಿಸುವುದು ನಮ್ಮಲ್ಲಿ ಇನ್ನೂ ಇದೆ. ಆ ಅನುಮಾನ ಅನ್ಯಾಯದ್ದು ಎಂದು ಹೇಳಲು ಈ ಅಧ್ಯಯನಗಳು ಸಾಕು.

ಮೂರನೆಯದು ಪಿತ್ತರಸ. ಯಕೃತ್ತು ತಯಾರಿಸಿದ ಪಿತ್ತಾಮ್ಲಗಳನ್ನು ಕರುಳಿನ ಬ್ಯಾಕ್ಟೀರಿಯಗಳು ಡಿಆಕ್ಸಿಕೋಲಿಕ್, ಲಿಥೊಕೋಲಿಕ್ ಎಂಬ ಬೇರೆ ಆಮ್ಲಗಳಾಗಿ ಬದಲಿಸುತ್ತವೆ. ಇವು ಹಿಂದಿರುಗಿ ಎಫ್‌ಎಕ್ಸ್‌ಆರ್ ಎಂಬ ಗ್ರಾಹಕದ ಮೂಲಕ ಕೊಬ್ಬು, ಸಕ್ಕರೆಗಳ ವಿಲೇವಾರಿಯನ್ನು ನಿಯಂತ್ರಿಸುತ್ತವೆ. ಈ ಹಾದಿಯನ್ನೇ ಹಿಡಿದು ಬಂದ ಒಬೆಟಿಕೋಲಿಕ್ ಆಮ್ಲ ಎಂಬ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಕರು 2023ರಲ್ಲಿ ಈ ಕಾಯಿಲೆಗಾಗಿ ಅನುಮತಿ ಕೊಡಲಿಲ್ಲ.

ಇನ್ನುಳಿದವು ಬ್ಯಾಕ್ಟೀರಿಯಗಳು ಕಸಿದುಕೊಳ್ಳುವ ಮತ್ತು ಬಿಟ್ಟುಕೊಡುವ ವಸ್ತುಗಳು. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಚಾರ್ಲ್ಸ್ ಬೆಸ್ಟ್, ಕೋಲಿನ್ ಎಂಬ ಪೋಷಕಾಂಶ ಕಡಿಮೆಯಾದರೆ ಯಕೃತ್ತಿನಲ್ಲಿ ಕೊಬ್ಬು ಸೇರುತ್ತದೆಂದು 1930ರ ದಶಕದಲ್ಲೇ ತೋರಿಸಿದ್ದರು. ಮೊಟ್ಟೆ, ಸೋಯಾಗಳಲ್ಲಿ ಸಿಗುವ ಈ ಕೋಲಿನ್ ಅನ್ನು ಕರುಳಿನ ಕೆಲವು ಬ್ಯಾಕ್ಟೀರಿಯಗಳು ನಮಗಿಂತ ಮೊದಲೇ ತಿಂದು ಬೇರೆ ವಸ್ತುವಾಗಿಸುತ್ತವೆ. ಇಟಲಿ ಮತ್ತು ಸ್ಪೇನಿನ ಬೊಜ್ಜಿನ ಮಹಿಳೆಯರನ್ನು ಕುರಿತ 2018ರ ಅಧ್ಯಯನದಲ್ಲಿ, ಪ್ರೋಟೀನಿನ ಒಂದು ಅಂಶದಿಂದ ಬ್ಯಾಕ್ಟೀರಿಯಗಳು ತಯಾರಿಸುವ ಫೀನೈಲ್ ಅಸಿಟಿಕ್ ಆಮ್ಲ ಯಕೃತ್ತಿನ ಕೊಬ್ಬಿನೊಡನೆ ಹೊಂದಿಕೊಂಡು ಏರುತ್ತಿತ್ತು. ಅದನ್ನು ಇಲಿಗಳಿಗೆ ಕೊಟ್ಟಾಗ ಅವುಗಳ ಯಕೃತ್ತಿಗೂ ಕೊಬ್ಬು ಬಂತು. ತಂಪು ಪಾನೀಯಗಳಲ್ಲಿ ಹೇರಳವಾಗಿರುವ ಫ್ರಕ್ಟೋಸ್ ಸಕ್ಕರೆಯನ್ನು ಬ್ಯಾಕ್ಟೀರಿಯಗಳು ಅಸಿಟೇಟ್ ಆಗಿ ಬದಲಿಸಿ ಯಕೃತ್ತಿಗೆ ಕೊಬ್ಬಿನ ಕಚ್ಚಾವಸ್ತು ಒದಗಿಸುತ್ತವೆಂದು 2020ರ ಇಲಿ ಪ್ರಯೋಗವೊಂದು ತೋರಿಸಿತು. ನಾರಿನಿಂದ ಬ್ಯಾಕ್ಟೀರಿಯಗಳು ತಯಾರಿಸುವ ಬ್ಯುಟಿರೇಟ್ ಇವಕ್ಕೆ ತದ್ವಿರುದ್ಧ. ಅದು ದೊಡ್ಡ ಕರುಳಿನ ಗೋಡೆಯ ಜೀವಕೋಶಗಳಿಗೆ ಮುಖ್ಯ ಆಹಾರ, ಗೋಡೆ ಗಟ್ಟಿಯಾಗಿರಲು ಆಧಾರ.

ಯಾವ ಬ್ಯಾಕ್ಟೀರಿಯ?

ಜನ ಮೊದಲು ಕೇಳುವ ಪ್ರಶ್ನೆ ಇದು, ಮತ್ತು ಇದಕ್ಕೇ ಉತ್ತರ ದುರ್ಬಲ. ಬೊಜ್ಜಿನವರಲ್ಲಿ ಫರ್ಮಿಕ್ಯೂಟ್ಸ್ ಗುಂಪು ಹೆಚ್ಚು, ಬ್ಯಾಕ್ಟೀರಾಯ್ಡಿಟೀಸ್ ಗುಂಪು ಕಡಿಮೆ ಎಂಬ 2006ರ ಮಾತು ಬಹಳ ಪ್ರಚಾರ ಪಡೆಯಿತು. ನಂತರದ ದೊಡ್ಡ ವಿಶ್ಲೇಷಣೆಗಳಲ್ಲಿ ಅದು ನಿಲ್ಲಲಿಲ್ಲ. 2016ರಲ್ಲಿ ಫ್ರಾನ್ಸಿನ ಅಧ್ಯಯನವೊಂದು ಉರಿಯೂತವಿದ್ದವರಲ್ಲಿ ಬ್ಯಾಕ್ಟೀರಾಯ್ಡಿಸ್, ಫೈಬ್ರೋಸಿಸ್ ಇದ್ದವರಲ್ಲಿ ರೂಮಿನೊಕಾಕಸ್ ಹೆಚ್ಚೆಂದಿತು. 2017ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಡಿಯೆಗೊದಲ್ಲಿ ರೋಹಿತ್ ಲೂಂಬಾ ಅವರ ತಂಡ 86 ರೋಗಿಗಳ ಮಲ ಪರೀಕ್ಷಿಸಿ, 37 ಬ್ಯಾಕ್ಟೀರಿಯ ಜಾತಿಗಳ ಪ್ರಮಾಣ ನೋಡಿ ತೀವ್ರ ಫೈಬ್ರೋಸಿಸ್ ಗುರುತಿಸುವ ವಿಧಾನ ರೂಪಿಸಿತು. ಒಟ್ಟಾರೆ ಹೆಚ್ಚಿನ ಅಧ್ಯಯನಗಳು ಒಪ್ಪುವುದಿಷ್ಟು: ಬ್ಯಾಕ್ಟೀರಿಯಗಳ ವೈವಿಧ್ಯ ಕುಗ್ಗುತ್ತದೆ, ಎಸ್ಚೆರಿಶಿಯ ಕೋಲೈ ಇರುವ ಪ್ರೊಟಿಯೊಬ್ಯಾಕ್ಟೀರಿಯ ಗುಂಪು ಹೆಚ್ಚುತ್ತದೆ, ಬ್ಯುಟಿರೇಟ್ ತಯಾರಕರು ಕಡಿಮೆಯಾಗುತ್ತಾರೆ. ಊಟ, ಊರು, ವಯಸ್ಸು, ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್‌ನಂಥ ಮಾತ್ರೆಗಳು, ಎಲ್ಲವೂ ಈ ಬ್ಯಾಕ್ಟೀರಿಯಗಳನ್ನು ಬದಲಿಸುತ್ತವೆ. ಧಾನ್ಯ, ಕಾಳು, ತರಕಾರಿ ಹೆಚ್ಚಾಗಿ ಉಣ್ಣುವ ಭಾರತೀಯರ ಕರುಳಿನಲ್ಲಿ ಪ್ರಿವೊಟೆಲ್ಲ ಎಂಬ ಬ್ಯಾಕ್ಟೀರಿಯ ಮೇಲುಗೈ ಪಡೆದಿರುತ್ತದೆ. ಅಮೆರಿಕನ್ನರ ಮಲ ನೋಡಿ ರೂಪಿಸಿದ ಅಳತೆಗೋಲು ನಮಗೆ ಹಾಗೆಯೇ ಹೊಂದುತ್ತದೆಂದು ನಂಬಲಾಗದು.

ಚಿಕಿತ್ಸೆ

ಬ್ಯಾಕ್ಟೀರಿಯ ಬದಲಿಸಿದರೆ ಯಕೃತ್ತು ಸರಿಹೋಗುತ್ತದೆಯೆ? ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ 104 ರೋಗಿಗಳಲ್ಲಿ ಒಂದು ಗುಂಪಿಗೆ ಸುಮಾರು ಒಂದು ವರ್ಷ ಒಳ್ಳೆಯ ಬ್ಯಾಕ್ಟೀರಿಯ ಮತ್ತು ಅವುಗಳ ಆಹಾರವನ್ನು ಒಟ್ಟಿಗೆ ಕೊಟ್ಟು ನೋಡಿದರು. 2020ರಲ್ಲಿ ಬಂದ ಫಲಿತಾಂಶ: ಕರುಳಿನ ಬ್ಯಾಕ್ಟೀರಿಯ ಬದಲಾದವು, ಯಕೃತ್ತಿನ ಕೊಬ್ಬು ಇಳಿಯಲಿಲ್ಲ. ಅದೇ ವರ್ಷ ಕೆನಡಾದಲ್ಲಿ 21 ರೋಗಿಗಳ ಮೇಲೆ ನಡೆದ, ಆರೋಗ್ಯವಂತರ ಮಲವನ್ನು ರೋಗಿಯ ಕರುಳಿಗೆ ಸೇರಿಸುವ ಮಲ ಕಸಿಯ ಪ್ರಯೋಗದಲ್ಲೂ ಕೊಬ್ಬು ಹಾಗೆಯೇ ಉಳಿಯಿತು. ಕರುಳಿನ ಸೋರಿಕೆ ಹೆಚ್ಚಿದ್ದವರಲ್ಲಿ ಮಾತ್ರ ಆ ಸೋರಿಕೆ ಕಡಿಮೆಯಾಯಿತು. ಕರುಳಿನ ಲೋಳೆಯಲ್ಲಿ ವಾಸಿಸುವ ಅಕರ್‌ಮ್ಯಾನ್ಸಿಯ ಮ್ಯುಸಿನಿಫಿಲ ಎಂಬ ಬ್ಯಾಕ್ಟೀರಿಯವನ್ನು ಬಿಸಿಮಾಡಿ ನಿಷ್ಕ್ರಿಯಗೊಳಿಸಿ ಬೊಜ್ಜಿನವರಿಗೆ ಕೊಟ್ಟ ಬೆಲ್ಜಿಯಂನ ಸಣ್ಣ ಪ್ರಯೋಗದಲ್ಲಿ ಇನ್ಸುಲಿನ್ ಹೆಚ್ಚು ಚೆನ್ನಾಗಿ ಕೆಲಸ ಮಾಡಿತು. ಅದು ಭರವಸೆಯ ಸುದ್ದಿ, ಚಿಕಿತ್ಸೆಯಲ್ಲ. ಅಂಗಡಿಯಲ್ಲಿ ಯಕೃತ್ತಿಗೆ ಒಳ್ಳೆಯದೆಂದು ಮಾರುವ ಪ್ರೊಬಯಾಟಿಕ್ ಕ್ಯಾಪ್ಸೂಲ್‌ಗಳಿಗೆ ದುಡ್ಡು ಸುರಿಯುವ ಕಾರಣ ಸದ್ಯಕ್ಕಂತೂ ಇಲ್ಲ.

ಬ್ಯಾಕ್ಟೀರಿಯಗಳಿಗೆ ಕೊಡುವ ಆಹಾರದ ಕಡೆಯಿಂದ ಬಂದ ಸುದ್ದಿ ಇದಕ್ಕಿಂತ ಉತ್ತಮ. ಚೀನಾದಲ್ಲಿ 200 ಮಂದಿಯಲ್ಲಿ ಒಂದು ಗುಂಪಿಗೆ ನಾಲ್ಕು ತಿಂಗಳು ದಿನಕ್ಕೆ 40 ಗ್ರಾಂ ಜೀರ್ಣವಾಗದ ಪಿಷ್ಟ ಕೊಟ್ಟ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ತೂಕ ಇಳಿದದ್ದರ ಪರಿಣಾಮವನ್ನು ಕಳೆದು ಲೆಕ್ಕ ಹಾಕಿದರೂ ಯಕೃತ್ತಿನ ಕೊಬ್ಬು ಗಣನೀಯವಾಗಿ ಇಳಿದಿತ್ತು. ತಂಗಳನ್ನ, ಬಾಳೆಕಾಯಿ, ಕಾಳುಗಳಲ್ಲಿ ಈ ಬಗೆಯ ಪಿಷ್ಟ ಇದೆ. ಆದರೆ 40 ಗ್ರಾಂ ಎಂಬುದು ಔಷಧದ ಪ್ರಮಾಣ, ತಂಗಳನ್ನ ಉಂಡು ಅದನ್ನು ಮುಟ್ಟಲಾಗದು. ನಾರಿನ ವಿಷಯದಲ್ಲಿ ನಮ್ಮ ಅಡುಗೆಮನೆಗೆ ಹೇಳಬಹುದಾದದ್ದು ಸರಳ: ರಾಗಿಯಲ್ಲಿ ನಾರು ಸುಮಾರು ಶೇ 11, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಶೇ 3ಕ್ಕಿಂತ ಕಡಿಮೆ.

ಇವೆಲ್ಲದರ ನಡುವೆ ಗಟ್ಟಿಯಾಗಿ ನಿಂತ ಚಿಕಿತ್ಸೆ ತೂಕ ಇಳಿಸುವುದೇ. ಕ್ಯೂಬಾದಲ್ಲಿ 293 ರೋಗಿಗಳನ್ನು ಒಂದು ವರ್ಷ ನೋಡಿಕೊಂಡ 2015ರ ಅಧ್ಯಯನದಲ್ಲಿ, ಶೇ 10 ಅಥವಾ ಹೆಚ್ಚು ತೂಕ ಇಳಿಸಿದವರಲ್ಲಿ ಶೇ 90ರಷ್ಟು ಮಂದಿಯ ಉರಿಯೂತ ಹೋಯಿತು, ಶೇ 45ರಷ್ಟು ಮಂದಿಯ ಫೈಬ್ರೋಸಿಸ್ ಹಿಂದೆ ಸರಿಯಿತು. ಶೇ 5ರಷ್ಟು ಇಳಿದರೂ ಕೊಬ್ಬು ಕಡಿಮೆಯಾಗುತ್ತದೆ. ಅತಿ ಬೊಜ್ಜಿನವರಿಗೆ ಇಂದು ಮಾಡುವ ಶಸ್ತ್ರಚಿಕಿತ್ಸೆ ಹಳೆಯದರಂತಲ್ಲ. ಫ್ರಾನ್ಸಿನ ಲೀಲ್ ನಗರದಲ್ಲಿ ಇದನ್ನು ಮಾಡಿಸಿಕೊಂಡವರನ್ನು ಐದು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗ ಶೇ 84ರಷ್ಟು ಮಂದಿಯ ಉರಿಯೂತ ಮಾಯವಾಗಿತ್ತು. ಔಷಧಗಳೂ ಈಗ ಬಂದಿವೆ: ಅಮೆರಿಕದಲ್ಲಿ 2024ರ ಮಾರ್ಚ್‌ನಲ್ಲಿ ರೆಸ್ಮೆಟಿರೋಮ್, 2025ರ ಆಗಸ್ಟ್‌ನಲ್ಲಿ ಸೆಮಗ್ಲುಟೈಡ್ ಈ ಕಾಯಿಲೆಗೆ ಅನುಮತಿ ಪಡೆದವು.

ಸ್ಕ್ಯಾನಿಂಗ್ ವರದಿಯಲ್ಲಿ ಗ್ರೇಡ್ 1 ಫ್ಯಾಟಿ ಲಿವರ್ ಎಂದು ಬಂದರೆ ಗಾಬರಿಯೂ ಬೇಡ, ಉದಾಸೀನವೂ ಬೇಡ. ಆ ಗ್ರೇಡ್ ಹೇಳುವುದು ಕೊಬ್ಬಿನ ಪ್ರಮಾಣವನ್ನು ಮಾತ್ರ, ನಾರುಗಟ್ಟಿರುವುದನ್ನಲ್ಲ. ವಯಸ್ಸು, ರಕ್ತದಲ್ಲಿನ ಯಕೃತ್ ಕಿಣ್ವಗಳಾದ ಎಎಸ್‌ಟಿ, ಎಎಲ್‌ಟಿ ಮತ್ತು ಪ್ಲೇಟ್‌ಲೆಟ್ ಸಂಖ್ಯೆಗಳಿಂದ ಲೆಕ್ಕ ಹಾಕುವ ಫಿಬ್-4 ಸೂಚ್ಯಂಕವನ್ನು ನಿಮ್ಮ ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳಿ. ಅದು 1.3ಕ್ಕಿಂತ ಕೆಳಗಿದ್ದರೆ ತೀವ್ರ ಫೈಬ್ರೋಸಿಸ್ ಇರುವ ಸಾಧ್ಯತೆ ಕಡಿಮೆ, 2.67 ದಾಟಿದ್ದರೆ ತಡಮಾಡದೆ ಯಕೃತ್ ತಜ್ಞರನ್ನು ಕಾಣಬೇಕು.